ಹನ್ನೊಂದೂವರೆ ಪೌಂಡ್, ಹನ್ನೊಂದು ದಿನ: ಒಂದು ವಿದ್ಯಾರ್ಥಿವೇತನದ ಪ್ರಕರಣ

ಹೊರದೇಶಕ್ಕೆ ಹೋಗಿ ಓದಬೇಕು ಅನ್ನುವ ಹುಡುಗ ಹುಡುಗಿಯರು ಸ್ಕಾಲರ್‌ಶಿಪ್ ಅರ್ಜಿ ಹಿಡಿದುಕೊಂಡು ಬಂದಾಗ ಮೊದಲು ಕೇಳುವುದು ಒಂದೇ ಮಾತು. ‘ಎಷ್ಟು ಕೊಡ್ತಾರೆ ಸಾರ್?’ ಕೇಳಲೇಬೇಕು, ತಪ್ಪೇನಿಲ್ಲ. ಆದರೆ ಮಂಜೂರಾತಿ ಪತ್ರದಲ್ಲಿ ಮೊತ್ತ ಇರುವುದು ಒಂದು ಸಾಲು. ಮಿಕ್ಕಿದ್ದೆಲ್ಲ ಷರತ್ತು. ಎಷ್ಟು ದಿನದವರೆಗೆ ಕೊಡುತ್ತಾರೆ, ಯಾವ ವಿಷಯಕ್ಕೆ ಕೊಡುತ್ತಾರೆ, ವಾಪಸು ಬಂದ ಮೇಲೆ ಏನು ಕೇಳುತ್ತಾರೆ ಅನ್ನುವುದೆಲ್ಲ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿಸಬೇಕು ಅಂದಾಗ ನಾನು ಒಂದು ಹಳೇ ಪ್ರಕರಣ ಹೇಳುತ್ತೇನೆ. ನೂರಹತ್ತು ವರ್ಷಕ್ಕೂ ಹಳೆಯದು.

ವಿದ್ಯಾರ್ಥಿವೇತನ ಕೊಟ್ಟಿದ್ದು ಬರೋಡ ಸಂಸ್ಥಾನ. ಓದಿನ ಜಾಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಫಲಾನುಭವಿ ಭೀಮರಾವ್ ರಾಮ್‌ಜಿ ಅಂಬೇಡ್ಕರ್, ಆಗ ವಯಸ್ಸು 22.

ಅವರ ಬದುಕಿನ ಕತೆ ಎಲ್ಲರಿಗೂ ಗೊತ್ತು, ಅಲ್ವಾ? ಇಲ್ಲಿ ನಾನು ಅದನ್ನು ಹೇಳಲು ಹೊರಟಿಲ್ಲ. ಒಂದು ಸ್ಕಾಲರ್‌ಶಿಪ್ ಫೈಲನ್ನು ತೆರೆದು ನೋಡುವ ಹಾಗೆ ಇದನ್ನು ನೋಡೋಣ. ಯಾರು ಆರಿಸಿದರು, ಹಣ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಕರಾರು ಏನಾಯಿತು. ಅಷ್ಟೇ.

750ಕ್ಕೆ 282

1907ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದಾಗ ಅಂಬೇಡ್ಕರ್ ಅವರಿಗೆ ಬಂದ ಅಂಕ 750ಕ್ಕೆ 282. ಶೇಕಡಾ ಲೆಕ್ಕದಲ್ಲಿ 37.6. ಇದನ್ನು ಹೇಳಿದ ಕೂಡಲೇ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಆಗಿನ ಮೆಟ್ರಿಕ್ಕನ್ನು ಈಗಿನ ಎಸ್ಸೆಸ್ಸೆಲ್ಸಿ ಜೊತೆ ಇಟ್ಟು ತೂಗುವಂತಿಲ್ಲ, ಅದು ಬೇರೆ ಮಾತು. ಆಗ ಪಾಸಾಗುವುದೇ ದೊಡ್ಡದು. ಅವರ ಸಮುದಾಯದಲ್ಲಂತೂ ಎಷ್ಟು ಅಪರೂಪ ಅಂದರೆ, ಒಬ್ಬ ಹುಡುಗ ಮೆಟ್ರಿಕ್ ಮುಗಿಸಿದ್ದಕ್ಕೆ ಸಭೆ ಸೇರಿಸಿ ಸನ್ಮಾನ ಮಾಡಿದರು.

ಆ ಸಭೆಗೆ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಬಂದಿದ್ದರು. ಮೇಷ್ಟ್ರು, ಲೇಖಕರು. ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗೆ ಕೊಟ್ಟರು. ಮುಂದೆ ಕಾಲೇಜಿನ ಇಂಟರ್‌ಮೀಡಿಯೆಟ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ದುಡ್ಡು ಖಾಲಿಯಾಯಿತು. ಆಗ ಅದೇ ಕೇಳುಸ್ಕರ್ ಹುಡುಗನನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಮುಂದೆ ನಿಲ್ಲಿಸಿದರು. ಮಹಾರಾಜರು ಮಾತಾಡಿಸಿ ನೋಡಿ, ತಿಂಗಳಿಗೆ 25 ರೂಪಾಯಿ ಗೊತ್ತು ಮಾಡಿದರು. ಬಿ.ಎ. ಮುಗಿದದ್ದು ಆ ಹಣದಲ್ಲಿ.

ಈ ಆಯ್ಕೆಯನ್ನು ಏನಂತ ಕರೆಯುವುದು? ಅಂಕಪಟ್ಟಿ ನೋಡಿ ಆರಿಸಿದ್ದಲ್ಲ. ಜಾತಿಗೆ ಇಂತಿಷ್ಟು ಅಂತ ತೆಗೆದಿಟ್ಟ ಸೀಟೂ ಅಲ್ಲ. ಒಬ್ಬರು ನೋಡಿದರು, ಇನ್ನೊಬ್ಬರಿಗೆ ಹೇಳಿದರು, ಅವರು ಪರೀಕ್ಷಿಸಿ ಒಪ್ಪಿದರು. ಪ್ರತಿಭೆಯನ್ನು ಗುರುತಿಸುವುದು ಅಂದರೆ ಇದೇ ಅಂತ ಹೊಗಳಬಹುದು. ನನಗೆ ಮಾತ್ರ ಇದರಲ್ಲಿ ಒಂದು ಭಯ ಕಾಣುತ್ತದೆ. ಆ ಸಾಯಂಕಾಲ ಕೇಳುಸ್ಕರ್ ಅವರಿಗೆ ಬೇರೆ ಕೆಲಸ ಇದ್ದು ಸಭೆಗೆ ಬರದೇ ಇದ್ದಿದ್ದರೆ?

ಮೂರಕ್ಕೆ ಹತ್ತು

1913ರ ಜನವರಿಯಲ್ಲಿ ಅಂಬೇಡ್ಕರ್ ಬರೋಡದಲ್ಲಿ ಕೆಲಸಕ್ಕೆ ಸೇರಿದರು. ಸೇರಿ ಕೆಲವೇ ದಿನ, ತಂದೆಗೆ ಹುಷಾರಿಲ್ಲ ಅಂತ ತಂತಿ ಬಂತು. ಫೆಬ್ರುವರಿ 2ರಂದು ತಂದೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ ರಮಾಬಾಯಿ, ಎರಡು ತಿಂಗಳ ಕೂಸು ಯಶವಂತ. ಇಂಥ ಹೊತ್ತಿನಲ್ಲಿ, ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕಳಿಸುತ್ತಾರೆ ಅನ್ನುವ ಸುದ್ದಿ ಬಂತು. ಅರ್ಜಿ ಹಾಕಿದರು. ಆಯ್ಕೆಯಾಯಿತು.

1913ರ ಜೂನ್ 4ರಂದು ಕರಾರಿಗೆ ಸಹಿ ಬಿತ್ತು. ಸಂಸ್ಥಾನ ಮೂರು ವರ್ಷ, ತಿಂಗಳಿಗೆ 11 ಪೌಂಡ್ 10 ಶಿಲಿಂಗ್, ಅಂದರೆ ಹನ್ನೊಂದೂವರೆ ಪೌಂಡ್ ಕೊಡುತ್ತದೆ. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದ ಸೇವೆ ಮಾಡಬೇಕು. ಮೂರು ವರ್ಷದ ಓದಿಗೆ ಹತ್ತು ವರ್ಷದ ಚಾಕರಿ. ಈಗಲೂ ಕೆಲವು ಸ್ಕಾಲರ್‌ಶಿಪ್‌ಗಳಿಗೆ ಬಾಂಡ್ ಇರುತ್ತದೆ, ಆದರೆ ಇಷ್ಟು ಉದ್ದದ್ದನ್ನು ನಾನು ನೋಡಿಲ್ಲ. ಆಗಿನ ಸಂಸ್ಥಾನಗಳ ದೃಷ್ಟಿಯಲ್ಲಿ ಇದು ಅನ್ಯಾಯವೇನೂ ಅಲ್ಲ. ಓದಿದವರು ಬೇಕು, ಊರಲ್ಲಿ ಅಂಥವರಿಲ್ಲ, ಖರ್ಚು ಮಾಡಿ ತಯಾರು ಮಾಡಿಕೊಳ್ಳುತ್ತೇವೆ ಅನ್ನುವ ಲೆಕ್ಕ. ಕೊಡುವವರಿಗೂ ಪಡೆಯುವವರಿಗೂ ಅದು ಸಹಜವಾಗಿಯೇ ಕಂಡಿರಬೇಕು. ಜುಲೈ ಮೂರನೇ ವಾರ ಅಂಬೇಡ್ಕರ್ ನ್ಯೂಯಾರ್ಕಿನಲ್ಲಿ ಇಳಿದರು.

ಹಣದ ಲೆಕ್ಕ

ಹನ್ನೊಂದೂವರೆ ಪೌಂಡ್ ಅಂದರೆ ಎಷ್ಟು? ಆಗ ಒಂದು ಪೌಂಡಿಗೆ ಸುಮಾರು 4.86 ಡಾಲರ್. ಹಾಗಾಗಿ ಕೈಗೆ ಬರುವುದು ತಿಂಗಳಿಗೆ 56 ಡಾಲರ್‌ಗೆ ಒಂದಿಷ್ಟು ಕಮ್ಮಿ. ದಿನಕ್ಕೆ ಒಂದೂ ಮುಕ್ಕಾಲು ಡಾಲರ್ ಚಿಲ್ಲರೆ. ಒಂದು ಕಪ್ ಕಾಫಿ, ಎರಡು ಮಫಿನ್, ಒಂದು ತಟ್ಟೆ ಮಾಂಸ ಅಥವಾ ಮೀನು ಇಷ್ಟರ ಒಂದು ಊಟಕ್ಕೆ ಅವರಿಗೆ ಬೀಳುತ್ತಿದ್ದದ್ದು 1 ಡಾಲರ್ 10 ಸೆಂಟ್ ಅಂತ ಅವರ ಚರಿತ್ರಕಾರರು ಬರೆದಿದ್ದಾರೆ. ದಿನಕ್ಕೆ ಒಂದೇ ಸಲ ಹಾಗೆ ಉಂಡರೂ ತಿಂಗಳಿಗೆ 33 ಡಾಲರ್ ಊಟಕ್ಕೇ ಹೋಯಿತು. ಉಳಿದ 23ರಲ್ಲಿ ರೂಮು, ಬಟ್ಟೆ, ಓಡಾಟ, ಪುಸ್ತಕ. ಮತ್ತೆ ಅದರಲ್ಲೇ ಮನೆಗೂ ಕಳಿಸಬೇಕು.

ಲೆಕ್ಕ ಕೂಡುವುದಿಲ್ಲ. ಹೇಗೆ ಕೂಡಿಸಿದರು ಅಂದರೆ, ಹೊಟ್ಟೆ ಕಟ್ಟಿ. ನಾಟಕ ಇಲ್ಲ, ತಿರುಗಾಟ ಇಲ್ಲ. ಒಂದರಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ, ಹಳೇ ಪುಸ್ತಕದಲ್ಲಿ. ಮೂರು ವರ್ಷದಲ್ಲಿ ಸುಮಾರು 2,000 ಪುಸ್ತಕ ಕೊಂಡಿದ್ದರು.

ಇದೇ ಹಣವನ್ನು ನಮ್ಮ ರೂಪಾಯಿಯಲ್ಲಿ ನೋಡಿದರೆ ಬೇರೆ ಚಿತ್ರ. ಆಗ ರೂಪಾಯಿಗೆ 1 ಶಿಲಿಂಗ್ 4 ಪೆನ್ಸ್, ಅಂದರೆ ಪೌಂಡಿಗೆ 15 ರೂಪಾಯಿ. ಹನ್ನೊಂದೂವರೆ ಪೌಂಡ್ ಅಂದರೆ 172 ರೂಪಾಯಿ 8 ಆಣೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. (ಇದೇ ಒಂದು ಶಿಲಿಂಗ್ ನಾಲ್ಕು ಪೆನ್ಸಿನ ಕತೆಯನ್ನು ಅವರು ಮುಂದೆ ಲಂಡನ್ನಿನಲ್ಲಿ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಅನ್ನುವ ಪ್ರಬಂಧದಲ್ಲಿ ಬುಡಸಮೇತ ಜಾಲಾಡಿದರು. ತಿಂಗಳ ಖರ್ಚಿನ ಹಣ ಪೌಂಡಿನಲ್ಲಿ ಬಂದು ಡಾಲರಿನಲ್ಲಿ ಕರಗಿ ರೂಪಾಯಿಯಾಗಿ ಮನೆ ಸೇರುವುದನ್ನು ಮೂರು ವರ್ಷ ಅನುಭವಿಸಿದವರಿಗೆ ಆ ವಿಷಯ ಬರೀ ಪುಸ್ತಕದ್ದು ಅನ್ನಿಸಿರಲಿಕ್ಕಿಲ್ಲ ಅಂತ ನನ್ನ ಊಹೆ.)

ಅರವತ್ತು ಕೋರ್ಸು

ಕೊಲಂಬಿಯಾದಲ್ಲಿ ಅವರು ತೆಗೆದುಕೊಂಡ ಕೋರ್ಸುಗಳ ಪಟ್ಟಿ ಇದೆ. ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜಕೀಯ 3, ಫ್ರೆಂಚ್ ಒಂದು, ಜರ್ಮನ್ ಒಂದು. ಒಟ್ಟು ಅರವತ್ತು. ಇಂಥ ಪಟ್ಟಿ ಹಿಡಿದುಕೊಂಡು ಈಗ ಯಾರಾದರೂ ಬಂದರೆ ನಾವು ‘ಏನಪ್ಪಾ, ಒಂದು ಕಡೆ ಗಮನ ಇಲ್ವಲ್ಲ’ ಅಂತ ಬುದ್ಧಿ ಹೇಳಿ ಕಳಿಸುತ್ತೇವೆ. ಅಲ್ಲಿ ಅರ್ಥಶಾಸ್ತ್ರಕ್ಕೆ ಎಡ್ವಿನ್ ಸೆಲಿಗ್ಮನ್ ಇದ್ದರು, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ. ಸಿಕ್ಕಿದ್ದೆಲ್ಲ ಓದಿದರು.

1915ರಲ್ಲಿ ಎಂ.ಎ. ಬಂತು. ಪ್ರಬಂಧದ ವಿಷಯ ಪ್ರಾಚೀನ ಭಾರತದ ವ್ಯಾಪಾರ. 1916ರ ಮೇ 9ರಂದು ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ‘ಕಾಸ್ಟ್ಸ್ ಇನ್ ಇಂಡಿಯಾ’ ಅನ್ನುವ ಲೇಖನ ಓದಿದರು. ಭಾರತದಲ್ಲಿ ಜಾತಿ ಹೇಗೆ ಹುಟ್ಟಿತು, ಹೇಗೆ ಹಬ್ಬಿತು ಅನ್ನುವುದರ ಮೇಲೆ. ಒಂದು ಜಾತಿ ಅಂತ ಒಂಟಿಯಾಗಿ ಇರಲು ಬರುವುದಿಲ್ಲ, ತನ್ನೊಳಗೇ ಮದುವೆ ಅನ್ನುವ ಬೇಲಿ ಹಾಕಿಕೊಂಡ ಗುಂಪುಗಳೇ ಜಾತಿಗಳು ಅನ್ನುವ ವಾದ ಅದರಲ್ಲಿದೆ. ಇವತ್ತಿಗೂ ಸಮಾಜಶಾಸ್ತ್ರದ ತರಗತಿಗಳಲ್ಲಿ ಓದಿಸುತ್ತಾರೆ.

ಇಲ್ಲಿ ಒಂದು ನಿಮಿಷ ಈ ಕಾಲಕ್ಕೆ ಬರಲೇಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. 2022ರಲ್ಲಿ ಅದರ ಮಾರ್ಗಸೂಚಿ ಬದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಮೇಲಿನ ಅಧ್ಯಯನ ಇವಕ್ಕೆ ಹಣ ಇಲ್ಲ ಅಂತ ಬಂತು. ಇವುಗಳನ್ನು ಓದಲು ಹೊರದೇಶಕ್ಕೆ ಯಾಕೆ ಹೋಗಬೇಕು, ಇಲ್ಲೇ ಒಳ್ಳೆಯ ವ್ಯವಸ್ಥೆ ಇದೆ ಅನ್ನುವುದು ಸರ್ಕಾರದ ಮಾತು. ಕೇಳಲು ಸರಿ ಅನ್ನಿಸುತ್ತದೆ. ಈಗ ಅಂಬೇಡ್ಕರ್ ಅವರ ಫೈಲನ್ನು ಆ ಮೇಜಿನ ಮೇಲಿಡಿ. ಪ್ರಾಚೀನ ಭಾರತದ ವ್ಯಾಪಾರ: ತಿರಸ್ಕೃತ. ಭಾರತದಲ್ಲಿ ಜಾತಿಗಳು: ತಿರಸ್ಕೃತ.

ಅವರು ಜಾತಿಯ ಬಗ್ಗೆ ಮೊದಲ ಲೇಖನ ಬರೆದದ್ದು ನ್ಯೂಯಾರ್ಕಿನಲ್ಲಿ ಅನ್ನುವುದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಊರಲ್ಲಿ ನೀರಿನ ಹೂಜಿ ಮುಟ್ಟಲು ಬಿಡದ ಜನರ ನಡುವೆ ಕೂತು ಜಾತಿಯ ಬಗ್ಗೆ ತಣ್ಣಗೆ ಬರೆಯುವುದು ಕಷ್ಟ. ದೂರ ನಿಂತಾಗ ಮನೆಯ ಪೂರ್ತಿ ಆಕಾರ ಕಾಣುತ್ತದೆ. ಸ್ಕಾಲರ್‌ಶಿಪ್ ಕೊಡುವವರು ವಿಷಯವನ್ನು ಮೊದಲೇ ಜರಡಿ ಹಿಡಿದರೆ ಏನು ಕಳೆದುಹೋಗುತ್ತದೆ ಅಂತ ಯಾರಾದರೂ ಕೇಳಿದರೆ, ನಾನು ಈ ಲೇಖನದ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಹಣ ಮೊದಲು ಮುಗಿಯಿತು

1916ರ ಜೂನ್‌ಗೆ ಮೂರು ವರ್ಷ ತುಂಬಿತು. ಓದು ತುಂಬಿರಲಿಲ್ಲ. ಅಂಬೇಡ್ಕರ್ ಲಂಡನ್ನಿಗೆ ಹೋದರು. ಬರೋಡ ಅವಧಿಯನ್ನು ಸ್ವಲ್ಪ ಮುಂದಕ್ಕೆ ಹಾಕಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಎಂ.ಎಸ್ಸಿ.ಗೆ ಸೇರಿದರು, ವಕೀಲಿಕೆಗೆ ಗ್ರೇಸ್ ಇನ್‌ನಲ್ಲಿ ಹೆಸರು ಹಚ್ಚಿದರು. ಆ ಎಂ.ಎಸ್ಸಿ. ಕೋರ್ಸಿನ ಶುಲ್ಕ 10 ಪೌಂಡ್ 10 ಶಿಲಿಂಗ್. ಗಮನಿಸಿ, ಒಂದು ತಿಂಗಳ ವಿದ್ಯಾರ್ಥಿವೇತನಕ್ಕಿಂತ ಕಮ್ಮಿ! ಈಗ ಹೊರದೇಶದ ಓದು ಅಂದರೆ ಶುಲ್ಕವೇ ಭೂತ. ಆಗ ಶುಲ್ಕ ಚಿಕ್ಕದು, ಬದುಕುವ ಖರ್ಚೇ ದೊಡ್ಡದು. ಹಾಗಾಗಿ ಕಾಲೇಜು ಸೇರುವುದು ಸುಲಭ, ಅಲ್ಲಿ ಉಳಿಯುವುದು ಕಷ್ಟ.

ಉಳಿಯಲು ಆಗಲಿಲ್ಲ. 1917ರ ಬೇಸಿಗೆಯಲ್ಲಿ ಬರೋಡದಿಂದ ಕರೆ ಬಂತು, ಅವಧಿ ಮುಗಿದಿದೆ, ಹೊರಟು ಬನ್ನಿ ಅಂತ. ಪ್ರಬಂಧ ಅರ್ಧದಲ್ಲಿ ನಿಂತಿತು. ಲಂಡನ್ನಿನ ಕಾಲೇಜು ಒಂದು ಉಪಕಾರ ಮಾಡಿತು. ನಾಲ್ಕು ವರ್ಷದ ಒಳಗೆ ಯಾವಾಗ ಬೇಕಾದರೂ ಬಂದು ಮುಂದುವರಿಸಬಹುದು ಅಂತ ರಜೆ ಕೊಟ್ಟಿತು. ಸುಮ್ನೆ ಒಂದು ಕಾಗದ. ಮುಂದಿನ ಕತೆಯೆಲ್ಲ ನಿಂತಿರುವುದು ಆ ಕಾಗದದ ಮೇಲೆ. ಅರ್ಧಕ್ಕೆ ಬಿಟ್ಟು ಬರುವ ಸಂದರ್ಭ ಬಂದರೆ ಹೀಗೊಂದು ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ ಅಂತ ನಾನು ಮಕ್ಕಳಿಗೆ ಗೋಗರೆಯುತ್ತೇನೆ. ಹತ್ತರಲ್ಲಿ ಎಂಟು ಜನ ಕೇಳುವುದಿಲ್ಲ.

ಮೊದಲ ಮಹಾಯುದ್ಧದ ಕಾಲ. ಅಂಬೇಡ್ಕರ್ ಒಂದು ಹಡಗಿನಲ್ಲಿ ಬಂದರು, ಸಾಮಾನು ಇನ್ನೊಂದರಲ್ಲಿ. ಸಾಮಾನಿನ ಹಡಗನ್ನು ಟಾರ್ಪೆಡೊ ಹೊಡೆದು ಮುಳುಗಿಸಿದರು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳಲ್ಲಿ ಎಷ್ಟೋ ಸಮುದ್ರದ ಪಾಲಾದವು. ಥಾಮಸ್ ಕುಕ್ ಕಂಪನಿ ಪರಿಹಾರವಾಗಿ 600 ರೂಪಾಯಿ ಕೊಟ್ಟಿತು. ಒಂದಷ್ಟು ಹೆಂಡತಿಯ ಕೈಗಿಟ್ಟು, ಉಳಿದದ್ದನ್ನು ದಾರಿ ಖರ್ಚಿಗೆ ಇಟ್ಟುಕೊಂಡು ಬರೋಡಕ್ಕೆ ಹೊರಟರು. ಕರಾರಿನ ಪ್ರಕಾರ ಚಾಕರಿಗೆ ಹಾಜರಾಗಲು.

ಹನ್ನೊಂದು ದಿನ

ಬರೋಡ ಸ್ಟೇಷನ್ನಿನಲ್ಲಿ ಇಳಿದಾಗ ಮೊದಲು ಎದ್ದ ಪ್ರಶ್ನೆ: ಎಲ್ಲಿಗೆ ಹೋಗುವುದು? ಐದು ವರ್ಷ ಅಮೆರಿಕ, ಯುರೋಪಿನಲ್ಲಿ ಇದ್ದು ತಾನು ಅಸ್ಪೃಶ್ಯ ಅನ್ನುವುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ ಅವರೇ ಮುಂದೆ ಬರೆದಿದ್ದಾರೆ. ಸ್ಟೇಷನ್ನಿನಿಂದ ಹೊರಗೆ ಬರುವಾಗ ನೆನಪಾಯಿತು. ಹಿಂದೂ ಹೋಟೆಲುಗಳು ಜಾತಿ ತಿಳಿದರೆ ಸೇರಿಸುವುದಿಲ್ಲ. ಕೊನೆಗೆ ಒಂದು ಪಾರ್ಸಿ ಛತ್ರಕ್ಕೆ ಹೋದರು.

ಮೇಲಿನ ಮಹಡಿಯಲ್ಲಿ ಕೋಟು ಬಿಚ್ಚಿದಾಗ ಒಳಗೆ ಪಾರ್ಸಿಗಳು ಹಾಕುವ ಒಳಂಗಿ, ಸೊಂಟದ ದಾರ ಇಲ್ಲದ್ದನ್ನು ಛತ್ರದವನು ನೋಡಿಬಿಟ್ಟ. ಪಾರ್ಸಿಗಳಿಗೆ ಮಾತ್ರ ಜಾಗ ಅಂದ. ಪುಸ್ತಕದಲ್ಲಿ ಪಾರ್ಸಿ ಹೆಸರೇ ಬರೆದುಕೊಳ್ಳಿ ಅಂತ ಇವರು ಒಪ್ಪಿಸಿದರು. ಬೇರೆ ಗಿರಾಕಿಗಳಿರಲಿಲ್ಲ, ಅವನಿಗೂ ನಾಲ್ಕು ಕಾಸು ಬೇಕಿತ್ತು. ದಿನಕ್ಕೆ ಒಂದೂವರೆ ರೂಪಾಯಿ. ಮಹಡಿ ತುಂಬ ಮುರಿದ ಕುರ್ಚಿ, ಹಲಗೆ, ಬೆಂಚು. ಕರೆಂಟಿಲ್ಲ, ಒಂದು ಕಂದೀಲು. ತಲೆ ಮೇಲೆ ಬಾವಲಿಗಳು. ಅಲ್ಲಿ ಒಬ್ಬರೇ ಇರಲಾರದೆ ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಹೋದವರು ಹೊರಗೇ ಹೊತ್ತು ಕಳೆದು ರಾತ್ರಿ ಎಂಟಕ್ಕೆ ಬರುತ್ತಿದ್ದರು.

ಆಫೀಸು ಅಂದರೆ ಅಕೌಂಟೆಂಟ್ ಜನರಲ್ ಕಚೇರಿ. ಪ್ರೊಬೇಷನರ್ ಹುದ್ದೆ, ಸಂಬಳ 150 ರೂಪಾಯಿ. ಆ 172 ರೂಪಾಯಿ ನೆನಪಿದೆಯಲ್ಲ? ಓದುವಾಗ ಸಂಸ್ಥಾನ ಕೊಡುತ್ತಿದ್ದದ್ದು ಓದಿ ಬಂದ ಮೇಲೆ ಕೊಟ್ಟ ಸಂಬಳಕ್ಕಿಂತ ಜಾಸ್ತಿ. ನ್ಯೂಯಾರ್ಕಿನ ದುಬಾರಿ ಬೇರೆ, ಬರೋಡದ ಅಗ್ಗ ಬೇರೆ, ನಿಜ. ಆದರೂ ಕೊಲಂಬಿಯಾದ ಎಂ.ಎ. ಹಿಡಿದು ಬಂದವರನ್ನು ಇಲಾಖೆ ಎಲ್ಲಿ ಕೂರಿಸಿತು ಅನ್ನುವುದು ಈ ಸಂಖ್ಯೆಯಲ್ಲಿ ಕಾಣುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ ತಿಂಡಿ ತಿಂದು, ಗ್ರಂಥಾಲಯಕ್ಕೆ ಹಿಂತಿರುಗಿಸಬೇಕಾದ ಪುಸ್ತಕ ಎತ್ತಿಕೊಂಡು ಹೊರಡುತ್ತಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಹತ್ತು ಹನ್ನೆರಡು ಜನ ಪಾರ್ಸಿಗಳು, ಕೈಯಲ್ಲಿ ದೊಣ್ಣೆ. ಛತ್ರ ಮೈಲಿಗೆ ಮಾಡಿದೆ ಅಂತ ಕೂಗಾಡಿದರು. ಇನ್ನೊಂದು ವಾರ ಬಿಡಿ ಅಂತ ಇವರು ಕೇಳಿದರು. ಸಂಸ್ಥಾನದ ಬಂಗಲೆಗೆ ಅರ್ಜಿ ಹಾಕಿದ್ದರು, ಅಷ್ಟರಲ್ಲಿ ಸಿಗಬಹುದು ಅನ್ನುವ ಆಸೆ. ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದು ಹೋದರು.

ಇಬ್ಬರು ಗೆಳೆಯರನ್ನು ಕೇಳಿದರು. ಒಬ್ಬರು ಹಿಂದೂ, ನೀನು ಬಂದರೆ ನನ್ನ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಅಂದರು. ಇನ್ನೊಬ್ಬರು ಕ್ರೈಸ್ತರು, ಹೆಂಡತಿ ನಾಳೆ ಬರುತ್ತಾಳೆ, ಕೇಳಿ ಹೇಳುತ್ತೇನೆ ಅಂದರು. ಮುಂಬೈ ರೈಲಿಗೆ ಇನ್ನೂ ಹೊತ್ತಿತ್ತು. ಕಾಮಾಟಿ ಬಾಗ್ ಅನ್ನುವ ಉದ್ಯಾನದಲ್ಲಿ ಕೂತರು. ಕಣ್ಣೀರು ಬಂತು. ರಾತ್ರಿ ರೈಲು ಹತ್ತಿದರು.

ಹತ್ತು ವರ್ಷದ ಕರಾರು ಹೀಗೆ ಮುರಿಯಿತು. ಮುರಿದವರು ಯಾರು ಅಂತ ಫೈಲಿನಲ್ಲಿ ಬರೆಯಬೇಕಾದರೆ ಏನು ಬರೆಯುತ್ತೀರಿ? ನಿಯಮದ ಕಣ್ಣಿಗೆ ಸೇವೆ ಬಿಟ್ಟು ಹೋದವರು ಫಲಾನುಭವಿ. ಬಾಂಡ್ ಕೇಳಿದ ಸಂಸ್ಥಾನ ತನ್ನ ಊರಲ್ಲಿ ಅವರಿಗೆ ಒಂದು ಕೋಣೆ ಕೊಡಿಸಲಾರದೆ ಹೋಯಿತು ಅನ್ನುವುದಕ್ಕೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ.

ಬರೋಡವನ್ನು ಬೈದು ಮುಗಿಸುವುದು ಸುಲಭ. ಸಯಾಜಿರಾವ್ ಸಾಧಾರಣ ದೊರೆ ಅಲ್ಲ. 1906ರಲ್ಲೇ ಸಂಸ್ಥಾನದ ಉದ್ದಗಲಕ್ಕೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದವರು. ಅದಕ್ಕೂ ಮೊದಲೇ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದವರು. ಕೊಡುವ ಮನಸ್ಸು ಅರಮನೆಯಲ್ಲಿತ್ತು. ಬಂಗಲೆಯ ಅರ್ಜಿ ಓಡಾಡಿದ್ದು ಕಚೇರಿಯ ಮೇಜುಗಳ ನಡುವೆ. ಇವೆರಡರ ನಡುವಿನ ದೂರ ನ್ಯೂಯಾರ್ಕಿಗಿಂತ ಜಾಸ್ತಿ ಇತ್ತು. ಸ್ಕಾಲರ್‌ಶಿಪ್ ವ್ಯವಹಾರದಲ್ಲಿ ಒಂದಿಷ್ಟು ವರ್ಷ ಕಳೆದವರಿಗೆ ಈ ದೂರದ ಪರಿಚಯ ಇದ್ದೇ ಇರುತ್ತದೆ.

ಕೈಗಡದಲ್ಲಿ ಮುಗಿದ ಓದು

ಮುಂಬೈಗೆ ಬಂದು ಪಾಠ ಹೇಳಿದರು. ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಒಂದು ಸಣ್ಣ ಕೆಲಸ ಶುರು ಮಾಡಿದರು, ಜಾತಿ ತಿಳಿದ ಗಿರಾಕಿಗಳು ಬರುವುದು ನಿಲ್ಲಿಸಿದರು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರ ಕೆಲಸ ಸಿಕ್ಕಿತು, ಸಂಬಳ 450 ರೂಪಾಯಿ. ಅದರಲ್ಲಿ ಉಳಿಸಿದರು. ಕೊಲಂಬಿಯಾದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದ ಗೆಳೆಯ ನವಲ್ ಭಥೇನಾ 5,000 ರೂಪಾಯಿ ಕೈಗಡ ಕೊಟ್ಟರು. ಭಥೇನಾ ಪಾರ್ಸಿ. ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳೇ, ಕೈ ಹಿಡಿದವರೂ ಪಾರ್ಸಿಯೇ. ಕೊಲ್ಹಾಪುರದ ಶಾಹೂ ಮಹಾರಾಜರೂ ನೆರವಾದರು. 1920ರ ಜುಲೈನಲ್ಲಿ ಮತ್ತೆ ಲಂಡನ್. ಕಾಲೇಜು ಕೊಟ್ಟಿದ್ದ ನಾಲ್ಕು ವರ್ಷದ ಗಡುವಿಗೆ ಇನ್ನೊಂದು ವರ್ಷ ಬಾಕಿ ಇತ್ತು.

1921ರಲ್ಲಿ ಎಂ.ಎಸ್ಸಿ. 1922ರಲ್ಲಿ ಬ್ಯಾರಿಸ್ಟರ್. ಅದೇ ವರ್ಷ ಡಿ.ಎಸ್ಸಿ. ಪ್ರಬಂಧ ಒಪ್ಪಿಸಿದರು. ಪರೀಕ್ಷಕರು ತಿದ್ದಿಕೊಂಡು ಬನ್ನಿ ಅಂದರು. ಅಷ್ಟರಲ್ಲಿ ಹಣ ಮತ್ತೆ ಮುಗಿಯಿತು. 1923ರ ಏಪ್ರಿಲ್‌ನಲ್ಲಿ ಮುಂಬೈಗೆ ವಾಪಸು ಬಂದು, ಇಲ್ಲೇ ಕೂತು ತಿದ್ದಿ, ಅಂಚೆಯಲ್ಲಿ ಕಳಿಸಿದರು. ನವೆಂಬರಿನಲ್ಲಿ ಪದವಿ ಬಂತು.

ಹಾಗಾದರೆ ಬರೋಡದ ಹಣ ಮುಗಿಸಿಕೊಟ್ಟದ್ದು ಎಷ್ಟು? ಒಂದು ಎಂ.ಎ. ಮತ್ತು ಪಿಎಚ್.ಡಿ.ಯ ಕೆಲಸ. ಲಂಡನ್ನಿನ ಎಂ.ಎಸ್ಸಿ., ಡಿ.ಎಸ್ಸಿ., ವಕೀಲಿಕೆಗೆ ಅದು ಬಾಗಿಲು ತೆರೆದು ಕೊಟ್ಟಿತು, ಒಳಗಿನ ದಾರಿಯನ್ನು ಉಳಿತಾಯ, ಸಾಲ ಮತ್ತು ಇನ್ನೊಬ್ಬ ದೊರೆಯ ನೆರವಿನಲ್ಲಿ ಅವರೇ ನಡೆದರು.

ಅರ್ಜಿದಾರ ಮೇಜಿನ ಆಚೆ ಬದಿಗೆ ಹೋದಾಗ

1942ರಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಆ ವರ್ಷ ಅಕ್ಟೋಬರ್‌ನಲ್ಲಿ ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೋ ಅವರಿಗೆ ಒಂದು ಉದ್ದದ ಮನವಿ ಕೊಟ್ಟರು. ಅದರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಇಲ್ಲಿಯೇ ವಿಜ್ಞಾನ, ತಂತ್ರಜ್ಞಾನ ಓದಲು ವರ್ಷಕ್ಕೆ 2 ಲಕ್ಷ ರೂಪಾಯಿ, ಹೊರದೇಶದಲ್ಲಿ ಓದಲು ವರ್ಷಕ್ಕೆ 1 ಲಕ್ಷ ಬೇಕು ಅಂತ ಕೇಳಿದ್ದರು. ಕೇಳುಸ್ಕರ್ ಥರದವರು ಸಭೆಗೆ ಬಂದರೆ ಮಾತ್ರ ಸಿಗುವ ಹಣ ಅಲ್ಲ, ಪ್ರತಿ ವರ್ಷ ಬಜೆಟ್ಟಿನಲ್ಲಿ ಇರಬೇಕಾದ ಹಣ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ನಮ್ಮ ಹಾಸ್ಟೆಲುಗಳಲ್ಲಿ ಈಗಲೂ ಮಕ್ಕಳು ‘ಪೋಸ್ಟ್ ಮೆಟ್ರಿಕ್ ಬಂತಾ?’ ಅಂತ ಬ್ಯಾಂಕ್ ಪಾಸ್‌ಬುಕ್ ನೋಡುತ್ತಿರುತ್ತಾರಲ್ಲ, ಅದರ ಮೂಲ ಅಲ್ಲಿದೆ.

ಹೊರದೇಶದ ಯೋಜನೆಗೆ ಈಗ ವರ್ಷಕ್ಕೆ ಇಡೀ ದೇಶಕ್ಕೆ 125 ಸ್ಥಾನ. ವಯಸ್ಸು 35ರ ಒಳಗೆ, ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗೆ, ಹಿಂದಿನ ಪದವಿಯಲ್ಲಿ ಶೇ 60 ಅಂಕ, ವಿಶ್ವವಿದ್ಯಾಲಯ ಜಗತ್ತಿನ ಮೊದಲ 500ರಲ್ಲಿ ಇರಬೇಕು. 2025ರ ಜುಲೈನಲ್ಲಿ 106 ಜನ ಆಯ್ಕೆಯಾದರು. ತಾತ್ಕಾಲಿಕ ಮಂಜೂರಾತಿ ಪತ್ರ ಮೊದಲಿಗೆ ಸಿಕ್ಕಿದ್ದು 40 ಜನಕ್ಕೆ. ಉಳಿದವರಿಗೆ ಹಣ ಬಂದರೆ ಕೊಡುತ್ತೇವೆ ಅಂತ ತಿಳಿಸಿದರು. ಕಾಲೇಜು ಶುರುವಾಗುವುದು ಸೆಪ್ಟೆಂಬರಿನಲ್ಲಿ. ವೀಸಾಗೆ ಹಣದ ಪತ್ರ ಬೇಕು. ಆ ಎರಡು ತಿಂಗಳು ಆ ಮನೆಗಳಲ್ಲಿ ಹೇಗಿದ್ದಿರಬಹುದು, ಯೋಚಿಸಿ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ. ಎರಡನ್ನೂ ನೋಡಿ, ಎರಡರ ಷರತ್ತೂ ಪೂರ್ತಿ ಓದಿ ಅಂತ ಹೇಳಿ ಕಳಿಸುತ್ತೇನೆ.

ಕೊಲಂಬಿಯಾದ ಪಿಎಚ್.ಡಿ. ಬಗ್ಗೆ ಒಂದು ಮಾತು ಬಾಕಿ ಇದೆ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಅನ್ನುವುದು ಅಲ್ಲಿನ ಆಗಿನ ನಿಯಮ. ಅಚ್ಚಿಗೆ ದುಡ್ಡು ಬೇಕಲ್ಲ. ಅಂಬೇಡ್ಕರ್ ಅವರ ಪುಸ್ತಕ ಹೊರಬಂದದ್ದು 1925ರಲ್ಲಿ, ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸಿನ ಬಗ್ಗೆ, ಸೆಲಿಗ್ಮನ್ ಅವರ ಮುನ್ನುಡಿಯೊಂದಿಗೆ. ಬರೋಡದ ಉದ್ಯಾನದಲ್ಲಿ ಕೂತು ರೈಲಿಗೆ ಕಾದು ಆಗ ಎಂಟು ವರ್ಷ ಆಗಿತ್ತು. ಅರ್ಪಣೆಯ ಪುಟದಲ್ಲಿ ಇರುವುದು ಸಯಾಜಿರಾವ್ ಗಾಯಕವಾಡರ ಹೆಸರು, ತಮ್ಮ ಓದಿಗೆ ಮಾಡಿದ ಸಹಾಯಕ್ಕಾಗಿ. ಪ್ರತಿಗಳು ನ್ಯೂಯಾರ್ಕಿಗೆ ಹೋದವು. 1927ರ ಜೂನ್ 8ರಂದು ಪದವಿ ಬಂತು, ಕರಾರಿಗೆ ಸಹಿ ಹಾಕಿದ ಹದಿನಾಲ್ಕು ವರ್ಷಕ್ಕೆ.